ಊರಿಲ್ಲದ ಸುದ್ದಿ, ತಾರೀಖಿಲ್ಲದ ವಿಡಿಯೊ

(ಕಲಬುರಗಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಊರಿನ ಕೆಲವು ಹಿರಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಪ್ರಶ್ನೋತ್ತರದಲ್ಲಿ ಎರಡು ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ‘ಸುಳ್ಳು ಸುದ್ದಿ ಮತ್ತು ಯುವಜನ’. ಇದರ ಮೇಲೆ ನೀವು ಈಗಾಗಲೇ ನಾಲ್ಕಾರು ಭಾಷಣ ಕೇಳಿರುತ್ತೀರಿ. ಪೊಲೀಸರು ಬಂದು ಹೇಳಿರುತ್ತಾರೆ, ಕ್ಯಾಂಪಿನಲ್ಲಿ ಕೈ ಮುಂದೆ ಚಾಚಿ ಪ್ರತಿಜ್ಞೆಯನ್ನೂ ಮಾಡಿರುತ್ತೀರಿ. ಬಸವಣ್ಣನವರ ಒಂದು ವಚನ ಹೇಳಿ ‘ಮಾತು ಹೇಗಿರಬೇಕು’ ಅಂತ ಮುಗಿಸುವುದೂ ನಮ್ಮ ಭಾಗದಲ್ಲಿ ರೂಢಿ. ಅದನ್ನು ನಾನು ಮಾಡುವುದಿಲ್ಲ. ಆ ವಚನ ನಿಮಗೆ ನನಗಿಂತ ಚೆನ್ನಾಗಿ ಬಾಯಿಪಾಠ ಇದೆ.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಕೆಲಸ ಮಾಡಿದವನು. ಬೇರೆಯವರು ಬರೆದದ್ದನ್ನು ತಿದ್ದುವುದು, ಹೆಡ್‌ಲೈನ್ ಕೊಡುವುದು, ಪುಟ ಕಟ್ಟಿಸುವುದು ನಮ್ಮ ಕೆಲಸ. ಅಲ್ಲಿ ಪೂರಾ ಸುಳ್ಳು ಸುದ್ದಿಯಿಂದ ಅಷ್ಟೇನೂ ತೊಂದರೆ ಆಗುತ್ತಿರಲಿಲ್ಲ. ಪೂರಾ ಸುಳ್ಳು ಒಂದೆರಡು ಫೋನ್ ಮಾಡಿದರೆ ಸಿಕ್ಕಿಬೀಳುತ್ತದೆ. ಜಾಸ್ತಿ ತಲೆನೋವು ಕೊಡುತ್ತಿದ್ದದ್ದು ಊರು, ತಾರೀಖು ಕಳೆದುಕೊಂಡ ನಿಜ ಸುದ್ದಿ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಯಾವುದಾದರೂ ಕನ್ನಡ ಪೇಪರ್ ತೆಗೆದು ನೋಡಿ. ಜಿಲ್ಲೆಯ ಪುಟದಲ್ಲಿ ಪ್ರತಿ ಸುದ್ದಿಯೂ ಊರ ಹೆಸರಿನಿಂದ ಶುರುವಾಗುತ್ತದೆ. ಸೇಡಂ, ಭಾಲ್ಕಿ, ಸುರಪುರ. ಪುಟದ ನೆತ್ತಿಯ ಮೇಲೆ ತಾರೀಖು ಇರುತ್ತದೆ. ಓದುವವರು ಇದನ್ನು ಗಮನಿಸುವುದೇ ಇಲ್ಲ. ಆದರೆ ಸುದ್ದಿಗಾರ ಬರೆದ ಕಾಪಿ ಊರ ಹೆಸರಿಲ್ಲದೆ ಡೆಸ್ಕಿಗೆ ಬಂದರೆ ಅದು ಮುಂದಕ್ಕೆ ಹೋಗುವುದಿಲ್ಲ. “ಎಲ್ಲಿದು ಮಾರಾಯಾ, ಯಾವಾಗಿಂದು?” ಅಂತ ಸುದ್ದಿಗಾರನಿಗೆ ಫೋನ್ ಹೋಗುತ್ತದೆ. ಅದೇ ಸುದ್ದಿ ಫೋನಿನಿಂದ ಫೋನಿಗೆ ಹಾರುವಾಗ ಮೊದಲು ಉದುರುವುದೇ ಈ ಎರಡು.

ಯಾಕೆ ಉದುರುತ್ತದೆ ಅಂದರೆ, ವಾಟ್ಸ್‌ಆ್ಯಪ್ ಇರುವುದೇ ಹಾಗೆ. ನೀವು ಫಾರ್ವರ್ಡ್ ಮಾಡಿದ ವಿಡಿಯೊದ ಮೇಲೆ ಅದನ್ನು ಮೊದಲು ಕಳಿಸಿದವರ ಹೆಸರು ಇರುವುದಿಲ್ಲ. ಮೊದಲು ಕಳಿಸಿದ ದಿನವೂ ಇರುವುದಿಲ್ಲ. ನಿಮಗೆ ಬಂದ ಹೊತ್ತು ಮಾತ್ರ ಕಾಣುತ್ತದೆ. ಫೋಟೊ ತೆಗೆದಾಗ ಕ್ಯಾಮೆರಾ ಅದರೊಳಗೆ ದಿನ, ಜಾಗ ಎಲ್ಲ ಬರೆದಿಟ್ಟಿರುತ್ತದೆ. ಫೋಟೊ ಅಂತ ಕಳಿಸಿದಾಗ ಅದೂ ಅಳಿಸಿ ಹೋಗುತ್ತದೆ. ಹಾಗಾಗಿ ಐದು ವರ್ಷದ ಹಿಂದಿನ ವಿಡಿಯೊ ನಿಮ್ಮ ಕೈಗೆ ಬಂದಾಗ ಅದರ ಮೇಲೆ ‘ಇವತ್ತು, ಬೆಳಿಗ್ಗೆ 7.40’ ಅಂತ ಇರುತ್ತದೆ. ಅದು ಆಗಿದ್ದೂ ಇವತ್ತೇ ಅಂತ ತಲೆ ತಾನಾಗಿ ಓದಿಕೊಳ್ಳುತ್ತದೆ.

ನಮ್ಮದೇ ಉದಾಹರಣೆ ತಗೊಳ್ಳೋಣ. ಮಳೆಗಾಲದಲ್ಲಿ ಅಫಜಲಪುರ, ಜೇವರ್ಗಿ ಕಡೆಯ ಗ್ರೂಪುಗಳಲ್ಲಿ ಇಂಥದೊಂದು ಮೆಸೇಜು ಸುತ್ತುತ್ತದೆ: “ಉಜನಿ ಡ್ಯಾಮಿನಿಂದ ಭಾರಿ ನೀರು ಬಿಟ್ಟಾರ. ಭೀಮಾ ದಂಡಿ ಮಂದಿ ಇವತ್ತು ರಾತ್ರಿನೇ ಊರು ಬಿಡ್ರಿ. ಎಲ್ಲಾ ಗ್ರೂಪಿಗೆ ಕಳಸ್ರಿ.” ಕೆಳಗೆ ಸೇತುವೆ ಮುಳುಗಿದ ವಿಡಿಯೊ.

ಇದನ್ನು ಡೆಸ್ಕಿನಲ್ಲಿ ಓದುವ ಹಾಗೆ ಓದೋಣ. ‘ಇವತ್ತು’ ಅಂದರೆ ಯಾವತ್ತು? ಗೊತ್ತಿಲ್ಲ. ‘ಬಿಟ್ಟಾರ’ ಅಂದರೆ ಯಾರು ಹೇಳಿದ್ದು? ಜಿಲ್ಲಾಡಳಿತವೋ, ನೀರಾವರಿ ನಿಗಮವೋ, ಇಲ್ಲ ಸೊಲ್ಲಾಪುರದಲ್ಲಿರುವ ಯಾರದೋ ಅಳಿಯನೋ? ಅದೂ ಇಲ್ಲ. ಇನ್ನೊಂದು, ಉಜನಿ ಇರುವುದು ಮಹಾರಾಷ್ಟ್ರದಲ್ಲಿ, ಅಲ್ಲಿ ಭೀಮೆಗೆ ಬಿಟ್ಟ ನೀರು ರಾತ್ರೋರಾತ್ರಿ ಇಲ್ಲಿಗೆ ಬರುವುದಿಲ್ಲ. ನದಿ ಸುತ್ತಿ ಬಳಸಿ ಬರಬೇಕು. ನಮ್ಮ ಕಡೆಯವರಿಗೆ ಬೇಕಾದ ಲೆಕ್ಕ ಅಫಜಲಪುರ ತಾಲ್ಲೂಕಿನಲ್ಲಿ ಭೀಮೆಗೆ ಕಟ್ಟಿದ ಸೊನ್ನ ಬ್ಯಾರೇಜಿನದು. ಅಲ್ಲಿ ಒಳಹರಿವು ಎಷ್ಟು, ಹೊರಗೆ ಬಿಡುತ್ತಿರುವುದು ಎಷ್ಟು ಅನ್ನುವುದು. ಮೆಸೇಜಿನಲ್ಲಿ ಸೊನ್ನದ ಹೆಸರೇ ಇಲ್ಲ ಅಂದರೆ ಬರೆದವರಿಗೆ ಭೀಮೆಯ ಪರಿಚಯ ಕಡಿಮೆ ಅಂತ ಅರ್ಥ.

ಆ ವಿಡಿಯೊ ಸುಳ್ಳಲ್ಲ ಅನ್ನುವುದನ್ನೂ ನೋಡಿ. 2020ರ ಅಕ್ಟೋಬರಿನಲ್ಲಿ ಭೀಮೆ ನಿಜವಾಗಿಯೂ ಉಕ್ಕಿ ಕಲಬುರಗಿ, ಯಾದಗಿರಿ ಎರಡೂ ಜಿಲ್ಲೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. ಆಗ ತೆಗೆದ ವಿಡಿಯೊ ಅದಾಗಿದ್ದರೆ ಆ ದಿನಕ್ಕೆ ಅದಕ್ಕಿಂತ ಬೆಲೆಬಾಳುವ ಸುದ್ದಿ ಇರಲಿಲ್ಲ. ಮುಂದಿನ ವರ್ಷ ಅದೇ ವಿಡಿಯೊ ಮನೆ ಸಾಮಾನು ಕಟ್ಟಿಸುತ್ತದೆ. ಅದರ ಮುಂದಿನ ವರ್ಷ ಇನ್ನೂ ಕೆಟ್ಟದ್ದು ಆಗುತ್ತದೆ. ನಿಜವಾದ ಎಚ್ಚರಿಕೆ ಬಂದಾಗ “ಏ, ಇದು ಹಳೇದು ಬಿಡಪಾ” ಅಂತ ಮಂದಿ ಮಲಗಿಬಿಡುತ್ತಾರೆ. ನನಗೆ ಗಾಬರಿ ಹುಟ್ಟಿಸುವ ಫಾರ್ವರ್ಡಿಗಿಂತ ಗಾಬರಿಯನ್ನು ಸವೆಸುವ ಫಾರ್ವರ್ಡಿನ ಭಯವೇ ಜಾಸ್ತಿ.

ಇನ್ನು ಒಂದು ವಿಡಿಯೊದ ಕಥೆ ಹೇಳುತ್ತೇನೆ. ಪಾಕಿಸ್ತಾನದ ಕರಾಚಿಯಲ್ಲಿ ರೋಶ್ನಿ ಹೆಲ್ಪ್‌ಲೈನ್ ಅಂತ ಒಂದು ಸಂಸ್ಥೆ ಇದೆ. ಕಳೆದುಹೋದ ಮಕ್ಕಳ ಸಲುವಾಗಿ ಕೆಲಸ ಮಾಡುತ್ತದೆ. ಅವರು ಜಾಗೃತಿಗಾಗಿ ಒಂದು ಚಿಕ್ಕ ಚಿತ್ರ ಮಾಡಿದರು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಬೈಕಿನಲ್ಲಿ ಇಬ್ಬರು ಬಂದು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಅವರೇ ವಾಪಸ್ ಬಂದು, ಮಗುವನ್ನು ಇಳಿಸಿ, ಎಚ್ಚರಿಕೆ ಬರೆದ ಬೋರ್ಡು ತೋರಿಸುತ್ತಾರೆ. ಯಾರೋ ಆ ಕೊನೆಯ ತುಣುಕನ್ನು ಕತ್ತರಿಸಿದರು. ಊರ ಹೆಸರೂ ಹೋಯಿತು, ವಾಪಸ್ ಬರುವುದೂ ಹೋಯಿತು. ಉಳಿದ ತುಣುಕು 2018ರಲ್ಲಿ ನಮ್ಮ ದೇಶದ ಫೋನುಗಳಲ್ಲಿ ಸುತ್ತಿತು. ಪ್ರತಿ ರಾಜ್ಯದಲ್ಲೂ ಅದು ಆ ರಾಜ್ಯದ್ದೇ ಆಗಿತ್ತು, ಪ್ರತಿ ಊರಿನಲ್ಲೂ ಪಕ್ಕದ ಊರಿನದು.

ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐದು ಜನರನ್ನು ಕೊಂದರು. ಜುಲೈ 10ರಂದು ವಾಟ್ಸ್‌ಆ್ಯಪ್ ಕಂಪನಿ ನಮ್ಮ ದೇಶದ ಪೇಪರುಗಳಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟಿತು, ‘ಸುಳ್ಳು ಮಾಹಿತಿಯ ವಿರುದ್ಧ ಒಟ್ಟಾಗಿ ಹೋರಾಡೋಣ’ ಅಂತ. ‘ಫಾರ್ವರ್ಡೆಡ್’ ಅನ್ನುವ ಹಣೆಪಟ್ಟಿ ಶುರುವಾದದ್ದೂ ಆಗಲೇ.

ಮೂರು ದಿನ ಕಳೆದು, ಜುಲೈ 13, ಶುಕ್ರವಾರ. ಬೀದರ್ ಜಿಲ್ಲೆ, ಔರಾದ್ ತಾಲ್ಲೂಕು, ಮುರ್ಕಿ.

ಇಲ್ಲಿ ಕೂತವರಲ್ಲಿ ಬೀದರಿನವರು ಇದ್ದೀರಿ, ನಿಮಗೆ ಗೊತ್ತು. ಹೈದರಾಬಾದಿನಿಂದ ಕೆಲವು ಗೆಳೆಯರು ಹಂದಿಕೇರಾ ಕಡೆಗೆ ಬಂದಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಯಾರಿಗೋ ಅನುಮಾನ ಬಂತು, ಮಾತಿಗೆ ಮಾತು ಬೆಳೆಯಿತು, ಅವರು ಕಾರು ಹತ್ತಿ ಹೊರಟರು. ಕಾರಿಗಿಂತ ಮೊದಲು ವಾಟ್ಸ್‌ಆ್ಯಪ್ ಮುರ್ಕಿ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ಕಾರು ತಡೆದರು. ಗುಂಪು ಹೊಡೆದ ಹೊಡೆತಕ್ಕೆ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಅವರ ಗೆಳೆಯರಿಗೆ ಪೆಟ್ಟಾಯಿತು, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಬಂಧನವಾದವರ ಸಂಖ್ಯೆ ಮೂವತ್ತರ ಆಸುಪಾಸು. ಅದರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದ.

ಕರಾಚಿಯ ವಿಡಿಯೊಕ್ಕೂ ಮುರ್ಕಿಯ ಸುದ್ದಿಗೂ ಒಂದು ವ್ಯತ್ಯಾಸ ಇದೆ. ಕರಾಚಿಯದಕ್ಕೆ ಊರು, ತಾರೀಖು ಎರಡೂ ಇರಲಿಲ್ಲ. ಇಲ್ಲಿ ಎರಡೂ ಸರಿ ಇದ್ದವು. ಆ ಜನ ನಿಜ, ಆ ಕಾರು ನಿಜ, ಆ ದಿನವೂ ನಿಜ. ಒಟ್ಟಿಗೆ ಹೋದ ‘ಮಕ್ಕಳ ಕಳ್ಳರು’ ಅನ್ನುವ ಮಾತು ಮಾತ್ರ ಕಳಿಸಿದವರ ಕಾಮೆಂಟು. ಸುದ್ದಿ ಯಾವುದು, ಕಾಮೆಂಟು ಯಾವುದು ಅಂತ ಮುರ್ಕಿಯಲ್ಲಿ ಬಿಡಿಸಿ ನೋಡಲು ಯಾರಿಗೂ ಪುರುಸೊತ್ತು ಇರಲಿಲ್ಲ. ಕರಾಚಿಯಂಥ ವಿಡಿಯೊಗಳು ತಿಂಗಳುಗಟ್ಟಲೆ ಮನಸ್ಸು ಹದ ಮಾಡಿಟ್ಟಿದ್ದವು. ಚಾಕೊಲೇಟು ಕಿಡಿಯಾಯಿತು.

ಆ ಮೇಲಿನ ವಾರ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟಿಗೆ ಫಾರ್ವರ್ಡ್ ಅಂತ ಮಿತಿ ಹಾಕಿತು. 2019ರ ಜನವರಿಯಲ್ಲಿ ಅದು ಜಗತ್ತಿಗೆಲ್ಲ ಬಂತು. ಅಂದರೆ ಇವತ್ತು ಬ್ರೆಜಿಲ್‌ನವರ ಫೋನಿನಲ್ಲಿರುವ ಆ ಮಿತಿಯ ಹಿಂದೆ ನಮ್ಮ ಮುರ್ಕಿಯೂ ಇದೆ. ಆಮೇಲೆ ಎರಡು ಬಾಣದ ಗುರುತು ಬಂತು. ಆ ಗುರುತು ಕಂಡರೆ ಮೆಸೇಜು ಕಡೇಪಕ್ಷ ಐದು ಕೈ ದಾಟಿ ಬಂದಿದೆ ಅಂತ ತಿಳಿಯಿರಿ. 2020ರ ಏಪ್ರಿಲ್‌ನಿಂದ ಅಂಥದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು. ಇವೆಲ್ಲ ಒಳ್ಳೆಯದೇ. ಆದರೆ ನಮ್ಮ ಹುಡುಗರು ಬಲು ಜಾಣರು, ಫಾರ್ವರ್ಡ್ ಬಿಟ್ಟು ಕಾಪಿ ಮಾಡಿ ಪೇಸ್ಟ್ ಮಾಡುತ್ತಾರೆ. ಬಾಣದ ಗುರುತೇ ಬರುವುದಿಲ್ಲ!

‘ಇದನ್ನೆಲ್ಲ ಯಾರೋ ದುಡ್ಡು ಕೊಟ್ಟು ಮಾಡಿಸುತ್ತಾರೆ’ ಅನ್ನುವವರು ಇದ್ದಾರೆ. ಮಾಡಿಸುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಜಾಲಾಡಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಿಜಕ್ಕಿಂತ ಸುಳ್ಳನ್ನು ಹಂಚುವ ಸಾಧ್ಯತೆ ಶೇ 70ರಷ್ಟು ಜಾಸ್ತಿ ಅಂತ ಕಂಡಿತು. ಮನುಷ್ಯರ ಬದಲು ಕಂಪ್ಯೂಟರ್ ಪ್ರೋಗ್ರಾಂ ನಡೆಸುವ ಖಾತೆಗಳನ್ನು (ಬಾಟ್) ಲೆಕ್ಕದಿಂದ ತೆಗೆದರೂ ಫಲಿತಾಂಶ ಬದಲಾಗಲಿಲ್ಲ. ಹಂಚಿದವರು ನಮ್ಮ ನಿಮ್ಮಂಥವರೇ. ಸುಳ್ಳಿನಲ್ಲಿ ಹೊಸತನ ಇರುತ್ತದೆ, ‘ಎಲ್ಲರಿಗಿಂತ ಮೊದಲು ನಾನು ಹೇಳಿದೆ’ ಅನ್ನುವ ಖುಷಿ ಇರುತ್ತದೆ. ಈ ಚಟ ನಮ್ಮ ಪತ್ರಕರ್ತರದು. ಈಗ ಊರಿಗೆಲ್ಲ ಹಂಚಿಬಿಟ್ಟಿದ್ದೇವೆ.

ಓದದೆ ಹಂಚುವುದು ಬೇರೆಯೇ ರೋಗ. ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಸಂಶೋಧಕರು 2016ರಲ್ಲಿ ನೋಡಿದಾಗ, ಟ್ವಿಟರ್‌ನಲ್ಲಿ ಹಂಚಿಕೆಯಾದ ಲಿಂಕುಗಳಲ್ಲಿ ಶೇ 59ನ್ನು ಯಾರೂ ತೆರೆದೇ ಇರಲಿಲ್ಲ. ಹೆಡ್‌ಲೈನ್ ಬರೆದು ಹೊಟ್ಟೆ ಹೊರೆದವನಿಗೆ ಇದು ಹೆಮ್ಮೆಯೋ ನಾಚಿಕೆಯೋ ತಿಳಿಯುವುದಿಲ್ಲ.

ಈಗ ಕಾಮೆಂಟಿನ ವಿಷಯಕ್ಕೆ ಬರೋಣ. ಅದಕ್ಕೆ ಮೊದಲು ನಮ್ಮ ಜಿಲ್ಲೆಯ ಒಂದು ಹೆಚ್ಚುಗಾರಿಕೆ ಹೇಳಿಬಿಡುತ್ತೇನೆ, ವಿದ್ಯಾರ್ಥಿಗಳಿಗೆ ಬಹುಶಃ ಗೊತ್ತಿರಲಿಕ್ಕಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಾಸಾದ ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ನಡೆಯಿತು. ‘ಸೈಟ್’ ಅಂತ ಅದರ ಹೆಸರು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. 1977ರಲ್ಲಿ ಇಲ್ಲಿ ದೂರದರ್ಶನ ಕೇಂದ್ರ ಶುರುವಾಯಿತು. ಬೆಂಗಳೂರಿನವರು ಟಿವಿ ನೋಡಲು 1981ರವರೆಗೆ ಕಾಯಬೇಕಾಯಿತು! ಹಳ್ಳಿಯ ಒಂದು ಟಿವಿ ಮುಂದೆ ಸಂಜೆ ಎಲ್ಲರೂ ಒಟ್ಟಿಗೆ ಕೂತು ನೋಡುತ್ತಿದ್ದರು. ನೋಡಬಹುದಿತ್ತು, ತಿರುಗಿ ಹೇಳಲು ದಾರಿ ಇರಲಿಲ್ಲ. ಡೆಲ್ಲಿಯಿಂದ, ಬೆಂಗಳೂರಿನಿಂದ ಸುದ್ದಿ ಬರುತ್ತಿತ್ತು, ಇಲ್ಲಿಂದ ಹೋಗುತ್ತಿರಲಿಲ್ಲ. ನಮ್ಮ ಭಾಗದ ಬಹಳ ದಿನದ ದೂರು ಇದೇ ಅಲ್ವಾ? ‘ನಮ್ಮ ಸುದ್ದಿ ಯಾರೂ ಬರೆಯಲ್ಲ, ಬರೆದರೂ ಬರ, ಗುಳೆ, ಬಿಸಿಲು ಇಷ್ಟೇ.’

ಈಗ ತಿರುಗಿ ಹೇಳಲು ದಾರಿ ಸಿಕ್ಕಿದೆ. ಆ ದಾರಿಯಲ್ಲಿ ನಾವು ಏನು ಹೇಳುತ್ತಿದ್ದೇವೆ?

ಅಮೆರಿಕದ ಎನ್‌ಪಿಆರ್ ರೇಡಿಯೊ 2016ರ ಆಗಸ್ಟಿನಲ್ಲಿ ತನ್ನ ಸುದ್ದಿ ಪುಟಗಳ ಕೆಳಗಿನ ಕಾಮೆಂಟುಗಳನ್ನು ನಿಲ್ಲಿಸಿತು. ಅದರ ಹಿಂದಿನ ತಿಂಗಳ ಲೆಕ್ಕ ಹೀಗಿತ್ತು: ಓದಲು ಬಂದವರು ಸುಮಾರು 3.3 ಕೋಟಿ. ಕಾಮೆಂಟು 4,91,000. ಬರೆದವರು 19,400 ಜನ ಮಾತ್ರ. ನೂರಕ್ಕೆ ಒಬ್ಬರೂ ಅಲ್ಲ, ಹತ್ತು ಸಾವಿರಕ್ಕೆ ಆರು ಜನ. ಆದ್ದರಿಂದ ಒಂದು ವಿಡಿಯೊದ ಕೆಳಗೆ ಬೈಗುಳ ನೋಡಿ ‘ಛೇ, ನಮ್ಮ ಮಂದಿ ಹಿಂಗಾದ್ರಲ್ಲ’ ಅಂತ ಕೊರಗಬೇಡಿ. ಅಲ್ಲಿ ಕೂಗುವವರು ಕೆಲವೇ ಜನ, ಮತ್ತೆ ಮತ್ತೆ ಅವರೇ ಕೂಗುತ್ತಿರುತ್ತಾರೆ.

ಹಾಗಂತ ಅದರಿಂದ ಏನೂ ಆಗುವುದಿಲ್ಲ ಅನ್ನುವಂತಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ನ್ಯಾನೊ ತಂತ್ರಜ್ಞಾನದ ಬಗ್ಗೆ ಒಂದೇ ಲೇಖನವನ್ನು ಎಲ್ಲರಿಗೂ ಕೊಟ್ಟರು. ಕೆಲವರಿಗೆ ಕೆಳಗೆ ಸಭ್ಯ ಕಾಮೆಂಟು, ಕೆಲವರಿಗೆ ಒರಟು ಕಾಮೆಂಟು. ಲೇಖನದಲ್ಲಿ ಒಂದಕ್ಷರವೂ ಬೇರೆ ಇರಲಿಲ್ಲ. ಆದರೂ ಒರಟು ಕಾಮೆಂಟು ಓದಿದವರಲ್ಲಿ ಮೊದಲೇ ಇದ್ದ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿ, ಎರಡು ಕಡೆಯವರೂ ಒಬ್ಬರಿಂದೊಬ್ಬರು ದೂರ ಸರಿದಿದ್ದರು. ಅಂದರೆ ಬೈಗುಳ ಮೇಲಿರುವ ಸುದ್ದಿಯನ್ನೂ ಕೆಡಿಸುತ್ತದೆ.

ಹಾಗಾದರೆ ಒಳ್ಳೆಯ ಕಾಮೆಂಟು ಹೇಗಿರುತ್ತದೆ? ‘ಸೂಪರ್’, ‘ನೂರಕ್ಕೆ ನೂರು ಸತ್ಯ’, ಮೂರು ಕೈ ಮುಗಿದ ಚಿತ್ರ, ಇವನ್ನು ಬಿಡಿ, ಅವು ಹಾಜರಿ ಅಷ್ಟೇ. ಒಂದು ಹದಗೆಟ್ಟ ರಸ್ತೆಯ ವಿಡಿಯೊ ಬಂತು ಅಂದುಕೊಳ್ಳಿ, ‘ಇದು ಶಹಾಬಾದ್ ರಸ್ತೆ, ಶಾಸಕರು ಎಲ್ಲಿ?’ ಅಂತ. ಕೆಳಗೆ ಇನ್ನೂರು ಜನ ಶಾಸಕರ ಪರ, ವಿರುದ್ಧ ಜಗಳಾಡುತ್ತಿದ್ದಾರೆ. ನಡುವೆ ಒಬ್ಬ ಬರೆಯುತ್ತಾನೆ: “ಅಣ್ಣಾರೆ, ಇದು ಶಹಾಬಾದ್ ರಸ್ತೆ ಅಲ್ಲ, ವಾಡಿ ಕಡಿದು. ಹಿಂದ ರೈಲ್ವೆ ಗೇಟ್ ಕಾಣ್ತದ ನೋಡ್ರಿ. ನಿನ್ನೆ ಅದೇ ದಾರೀಲೆ ಬಂದೀನಿ, ಈಗ ಖಡಿ ಹಾಕ್ಯಾರ.” ಈ ಒಂದು ಕಾಮೆಂಟಿನಲ್ಲಿ ಊರು ಇದೆ, ದಿನ ಇದೆ, ಹೇಳುವವನಿಗೆ ಹೇಗೆ ಗೊತ್ತು ಅನ್ನುವುದೂ ಇದೆ. ನಮ್ಮ ಡೆಸ್ಕಿನಲ್ಲಿದ್ದಿದ್ದರೆ ಆ ಹುಡುಗನ ನಂಬರ್ ಬರೆದಿಟ್ಟುಕೊಳ್ಳುತ್ತಿದ್ದೆ. ಬೆಂಗಳೂರಿನಲ್ಲಿ ಕೂತ ಯಾವ ಫ್ಯಾಕ್ಟ್‌ಚೆಕ್ ತಂಡಕ್ಕೂ ಆ ರೈಲ್ವೆ ಗೇಟ್ ಗುರುತು ಸಿಗುವುದು ಕಷ್ಟ. ನಿಮಗೆ ಸಿಗುತ್ತದೆ.

ಅದಕ್ಕೇ ಹೇಳುವುದು, ದೂರದ ದೊಡ್ಡ ಸುದ್ದಿಗೆ ನೀವು ಕಾಮೆಂಟು ಹಾಕದಿದ್ದರೂ ನಡೆಯುತ್ತದೆ. ಇಸ್ರೇಲಿನ ಬಗ್ಗೆ ಚಿಂಚೋಳಿಯ ಅಭಿಪ್ರಾಯಕ್ಕೆ ಯಾರೂ ಕಾಯುತ್ತಿಲ್ಲ. ಚಿಂಚೋಳಿಯ ಬಗ್ಗೆ ಚಿಂಚೋಳಿಯವರು ಹೇಳಿದರೆ ಅದು ಸುದ್ದಿ. ಕೆಲವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ, ಇರಲಿ.

ಕಾನೂನಿನ ಬಗ್ಗೆ ಚುಟುಕಾಗಿ. ‘ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ’ ಅನ್ನುವ ನೆಪ ನಡೆಯುವುದಿಲ್ಲ. ತಮಿಳು ನಟ, ರಾಜಕಾರಣಿ ಎಸ್.ವಿ. ಶೇಖರ್ ಮಹಿಳಾ ಪತ್ರಕರ್ತರ ಬಗ್ಗೆ ಯಾರೋ ಬರೆದ ಕೀಳು ಬರಹವನ್ನು 2018ರಲ್ಲಿ ಹಂಚಿಕೊಂಡು ಇದೇ ನೆಪ ಹೇಳಿದ್ದರು. ಸಾಮಾಜಿಕ ಜಾಲತಾಣದಲ್ಲಿ ಕಳಿಸಿದ ಸಂದೇಶ ಬಿಲ್ಲಿನಿಂದ ಬಿಟ್ಟ ಬಾಣ ಇದ್ದಂತೆ ಅಂತ ಮದ್ರಾಸ್ ಹೈಕೋರ್ಟ್ 2023ರಲ್ಲಿ ಹೇಳಿತು. ಸುಪ್ರೀಂ ಕೋರ್ಟೂ ಅವರ ಮೇಲಿನ ಕೇಸು ಕೈಬಿಡಲು ಒಪ್ಪಲಿಲ್ಲ. ಜನರಲ್ಲಿ ಭಯ ಹುಟ್ಟಿಸುವ ಸುಳ್ಳು, ವದಂತಿ ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಆಗಬಹುದು. ಅಡ್ಮಿನ್‌ಗಳು ಹೆದರಬೇಕಿಲ್ಲ. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆ ಅಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಅಡ್ಮಿನ್ ತಾನೇ ಕೈಜೋಡಿಸಿದರೆ ಆ ಮಾತು ಬೇರೆ.

ಇದಕ್ಕಿಂತ ನನಗೆ ಮುಖ್ಯ ಅನಿಸುವುದು ಇನ್ನೊಂದಿದೆ. ಕರುಣೆಯಿಂದ ಮಾಡುವ ತಪ್ಪು. ಎಲ್ಲೋ ಒಬ್ಬ ಹುಡುಗಿಯ ಮೇಲೆ ಅತ್ಯಾಚಾರ ಆಗುತ್ತದೆ. ಸಂಜೆಯೊಳಗೆ ಅವಳ ಫೋಟೊ ನೂರಾರು ಸ್ಟೇಟಸ್ಸಿನಲ್ಲಿ ಇರುತ್ತದೆ, ಕೆಳಗೆ ಒಂದು ದೀಪ, ‘ತಂಗಿಗೆ ನ್ಯಾಯ ಸಿಗಲಿ’. ಹಾಕಿದವರೆಲ್ಲ ಒಳ್ಳೆಯ ಮನಸ್ಸಿನವರೇ. ಆದರೆ ಅವಳ ಗುರುತು ಬಯಲು ಮಾಡುವುದು ಅದೇ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಹುಡುಗಿ ತೀರಿಕೊಂಡಿದ್ದರೂ ಹೆಸರು ಹೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಸ್ಪಷ್ಟ ಮಾಡಿದೆ. ಊರು, ತಾರೀಖು ಬೇಕು ಅಂತ ಇಷ್ಟು ಹೊತ್ತು ಒದರಿದವನು ಇಲ್ಲಿ ಉಲ್ಟಾ ಹೇಳಬೇಕಾಗಿದೆ. ಇಲ್ಲಿ ಹೆಸರೂ ಬೇಡ, ಶಾಲೆಯೂ ಬೇಡ, ಓಣಿಯೂ ಬೇಡ. ಚಿಕ್ಕ ಊರಿನಲ್ಲಿ ‘ಇಂಥ ಓಣಿಯ, ಇಂಥವರ ಮಗಳು’ ಅಂದರೆ ಫೋಟೊ ಹಾಕಿದಷ್ಟೇ ಆಯಿತು.

ಇನ್ನು ಪ್ರಶ್ನೆಗಳು.

ಬಿ.ಎ. ಓದುತ್ತಿರುವ ಒಬ್ಬ ಹುಡುಗಿ ಕೇಳಿದಳು: “ಸರ್, ನಮ್ಮ ಮನಿ ಗ್ರೂಪಿನ್ಯಾಗ ದೊಡ್ಡಪ್ಪಾರೇ ಇಂಥವು ಕಳಸ್ತಾರ. ಅವರಿಗಿ ಹ್ಯಾಂಗ ಹೇಳಬೇಕು?” ಸಭೆ ನಕ್ಕಿತು. ನನ್ನ ಉತ್ತರ: ಗ್ರೂಪಿನಲ್ಲಿ ಹೇಳಬೇಡ. ಎಲ್ಲರ ಮುಂದೆ ತಪ್ಪು ತೋರಿಸಿದರೆ ಹಿರಿಯರು ಅದನ್ನೇ ಸಾಧಿಸಲು ಇನ್ನೂ ಎರಡು ಕಳಿಸುತ್ತಾರೆ. ಬೇರೆಯಾಗಿ ಫೋನ್ ಮಾಡು. “ದೊಡ್ಡಪ್ಪ, ಊಟ ಆಯ್ತಾ?” ಅಂತ ಶುರು ಮಾಡಿ, “ನೀವು ಕಳಿಸಿದ್ದು ನೋಡಿದೆ, ಅದು ಯಾವೂರಾಗ ಆಗಿದ್ದು?” ಅಂತ ಸುಮ್ನೆ ಕೇಳು. ಸುಳ್ಳು ಅನ್ನಬೇಡ. ಊರು ಕೇಳು ಸಾಕು. ಗೊತ್ತಿಲ್ಲ ಅನ್ನುವುದನ್ನು ಅವರೇ ಕಂಡುಕೊಳ್ಳುತ್ತಾರೆ. ಫೋಟೊ ಆದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹಳೆಯದು ಎಲ್ಲಿ ಬಂದಿತ್ತು ಅಂತ ತೋರಿಸು. ವಿಡಿಯೊ ಆದರೆ ಒಂದು ಕಡೆ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಹಾಗೇ ಹುಡುಕು. ಅಂಗಡಿ ಬೋರ್ಡಿನ ಅಕ್ಷರ, ಗಾಡಿಯ ನಂಬರ್ ಪ್ಲೇಟು, ಹಿಂದೆ ಕೇಳುವ ಭಾಷೆ, ಇವೂ ಬಹಳ ಹೇಳುತ್ತವೆ.

ಒಬ್ಬ ಹಿರಿಯರು ನೇರವಾಗಿ ಕೇಳಿದರು: “ಟಿವಿಯವರು, ಪೇಪರಿನವರು ಏನು ಸಾಚಾ ಏನ್ರಿ?” ಅಲ್ಲ. 2016ರ ನವೆಂಬರಿನಲ್ಲಿ ಹೊಸ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ, ನೆಲದೊಳಗೆ ಹೂತಿಟ್ಟರೂ ಉಪಗ್ರಹಕ್ಕೆ ಕಾಣುತ್ತದೆ ಅಂತ ವಾಟ್ಸ್‌ಆ್ಯಪಿನವರಷ್ಟೇ ಅಲ್ಲ, ಟಿವಿಯಲ್ಲೂ ಗಂಟೆಗಟ್ಟಲೆ ಹೇಳಿದರು. 2023ರಲ್ಲಿ ಆ ನೋಟನ್ನೇ ಚಲಾವಣೆಯಿಂದ ವಾಪಸ್ ಪಡೆದರು. ಆದರೆ ಪೇಪರಿನವರು ತಪ್ಪು ಮಾಡಿದರೆ ಹಿಡಿದು ಕೇಳಲು ಒಂದು ಕಚೇರಿ ಇದೆ, ಸಂಪಾದಕರ ಹೆಸರು ಅಚ್ಚಾಗಿರುತ್ತದೆ. ಫಾರ್ವರ್ಡಿಗೆ ಅದಿಲ್ಲ. ನನ್ನ ಕಡೆಯಿಂದ ಇಷ್ಟೇ ವಕಾಲತ್ತು.

ಕೊನೆಯ ಪ್ರಶ್ನೆ ಕಿರಾಣಿ ಅಂಗಡಿಯವರೊಬ್ಬರದು. 10 ರೂಪಾಯಿ ನಾಣ್ಯದ್ದು. ನಮ್ಮ ಭಾಗದಲ್ಲಿ ಇದು ಹಳೆಯ ಗೋಳು. ಇಷ್ಟು ಗೆರೆ ಇದ್ದರೆ ಅಸಲಿ, ಅಷ್ಟು ಗೆರೆ ಇದ್ದರೆ ನಕಲಿ, ರೂಪಾಯಿ ಗುರುತು ಇಲ್ಲದ್ದು ನಡೆಯಲ್ಲ ಅಂತ ಯಾವುದೋ ಕಾಲದ ಮೆಸೇಜು. ರಿಸರ್ವ್ ಬ್ಯಾಂಕು 2018ರ ಜನವರಿ 17ರಂದು, 14 ವಿನ್ಯಾಸದ 10 ರೂಪಾಯಿ ನಾಣ್ಯಗಳಿವೆ, ಎಲ್ಲವೂ ಚಲಾವಣೆಯಲ್ಲಿವೆ ಅಂತ ಪ್ರಕಟಣೆ ಕೊಟ್ಟಿದೆ. ಅವರು ಹೇಳಿದರು: “ನನಗ ಗೊತ್ತದ್ರಿ ಸರ್. ನಾ ತಗೋತೀನಿ. ಆದ್ರ ನಾ ಕೊಟ್ರ ಗಿರಾಕಿ ತಗೋಳ್ಳಲ್ಲ. ಗಿರಾಕಿಗೂ ಗೊತ್ತದ, ‘ಮುಂದಿನ ಅಂಗಡ್ಯಾವ ತಗೋಳ್ಳಲ್ಲ’ ಅಂತಾನ.”

ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ. ಅದು ಸುಳ್ಳು ಅಂತ ಅಂಗಡಿಯವರಿಗೆ ಗೊತ್ತು, ಗಿರಾಕಿಗೂ ಗೊತ್ತು. ಪಕ್ಕದವನು ಇನ್ನೂ ನಂಬಿದ್ದಾನೆ ಅಂತ ಇಬ್ಬರೂ ನಂಬಿರುವುದರಿಂದ ನಾಣ್ಯ ಡಬ್ಬಿಯಲ್ಲೇ ಉಳಿದಿದೆ. ಇಂಥದಕ್ಕೆ ಇನ್ನೊಂದು ಫಾರ್ವರ್ಡ್ ಮದ್ದಲ್ಲ. ಗಲ್ಲಾ ಮುಂದೆ ‘10 ರೂಪಾಯಿ ನಾಣ್ಯ ತಗೊಳ್ಳುತ್ತೇವೆ, ಕೊಡುತ್ತೇವೆ’ ಅಂತ ದೊಡ್ಡದಾಗಿ ಬರೆದು ಹಾಕಿ, ಆಚೀಚೆ ನಾಲ್ಕು ಅಂಗಡಿಯವರನ್ನೂ ಒಪ್ಪಿಸಿ ಅಂದೆ. “ನಾಲ್ಕು ಅಂಗಡಿ ಒಂದೇ ಮಾತಿಗೆ ಒಪ್ಪೋದು ರಿಸರ್ವ್ ಬ್ಯಾಂಕಿಗೂ ಆಗಲ್ಲ ಬಿಡ್ರಿ” ಅಂದರು. ಆದರೂ ಬೋರ್ಡು ಬರೆಸುತ್ತೇನೆ ಅಂತ ಹೇಳಿ ಕೂತರು.